ಓದುಗರ ಪ್ರಶ್ನೆ: ಬಚ್ಚಲ ಬಂಬಕ್ಕೆ ಬದಲಾಗಿ ಹೊಗೆ ಕಡಿಮೆಯ ಯಾವ ಒಲೆ ಕೊಳ್ಳಬೇಕು?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಬಹಳ ವರ್ಷಗಳಿಂದ ಪುಣೆಯಲ್ಲಿದ್ದೇವೆ. ಭೂಗಾಂವದ ಆಚೆ ಪೌಡ್ ರಸ್ತೆಯ ಬದಿಗೆ ಅಂಗಳವಿರುವ ಸಣ್ಣ ಮನೆ ಕಟ್ಟಿಕೊಂಡಿದ್ದೇವೆ. ಮಾವು, ಸುಬಾಭುಳ, ತೆಂಗಿನ ಕಟ್ಟಿಗೆ ಮನೆಯದೇ ಇದೆ. ಬಚ್ಚಲಲ್ಲಿ ನೀರು ಕಾಯಿಸಲು ಹಿರಿಯರ ಕಾಲದ ತಾಮ್ರದ ಬಂಬ ಉರಿಸುತ್ತೇವೆ. ಅದರ ಹೊಗೆಗೆ ನೆರೆಯವರು ಬೇಸರಿಸುತ್ತಾರೆ. ನೀರು ಕಾಯಿಸಲು, ವಾರಕ್ಕೊಮ್ಮೆ ಜೋಳದ ರೊಟ್ಟಿ ಬೇಯಿಸಲು ಹೊಗೆ ಕಡಿಮೆಯಾದ ಒಲೆ ಬೇಕು. ಬರೀ ಕಟ್ಟಿಗೆಯ ಒಲೆ ಒಳ್ಳೆಯದೋ, ಎಲ್ಲ ಉರುವಲಿಗೂ ಆಗುವ ಮಲ್ಟಿಫ್ಯೂಯೆಲ್ ಒಲೆಯೋ?

ಉತ್ತರ: ಕಟ್ಟಿಗೆ ಮನೆಯದೇ ಇರುವುದರಿಂದ ನೀವು ಕೊಳ್ಳಬೇಕಾದದ್ದು ಕಟ್ಟಿಗೆಗೆಂದೇ ಮಾಡಿದ, ಒಳಗೋಡೆಗೆ ಶಾಖ ತಡೆಯುವ ಹೊದಿಕೆಯಿರುವ, ಚಿಮಣಿ ಜೋಡಿಸಬಹುದಾದ ಒಲೆ, ಪೇಟೆಯಲ್ಲಿ ಇದನ್ನು ಸಾಮಾನ್ಯವಾಗಿ ರಾಕೆಟ್ ಒಲೆ ಎನ್ನುತ್ತಾರೆ. ಮಲ್ಟಿಫ್ಯೂಯೆಲ್ ಒಲೆ ನಿಮಗೆ ಬೇಡ. ಆದರೆ ಒಲೆಯನ್ನು ಈ ವಾರವೇ ತಂದರೂ ಅಂಗಳದ ಕಟ್ಟಿಗೆ ಹಸಿಯಾಗಿದ್ದರೆ ನೆರೆಯವರ ಬೇಸರ ತೀರುವುದಿಲ್ಲ. ಎರಡಕ್ಕೂ ಕಾರಣ ತಿಳಿಯಬೇಕಾದರೆ ನಿಮ್ಮ ಬಂಬವನ್ನೇ ಮೊದಲು ಬಿಚ್ಚಿ ನೋಡುವುದು ಒಳ್ಳೆಯದು.

ಪುಣೆಯ ಕಸಬಾ ಪೇಠೆಯ ತಾಂಬಟ ಆಳಿ ಎಂಬ ಓಣಿಯಲ್ಲಿ ತಾಮ್ರದ ಕೆಲಸಗಾರರು ತಲೆಮಾರುಗಳಿಂದ ಬಡಿದು ಮಾಡುತ್ತ ಬಂದ ಇಂಥ ಬಂಬ ಒಂದು ಲೆಕ್ಕಕ್ಕೆ ಜಾಣ ಕೆಲಸ. ನಡುವೆ ಒಂದು ಕೊಳವೆ, ಅದರ ಬುಡದಲ್ಲಿ ಜಾಲರಿ, ಸುತ್ತಲೂ ನೀರು. ಉರಿ ಕೊಳವೆಯೊಳಗೆ ಏರುತ್ತದೆ, ನಾಲ್ಕೂ ಕಡೆಯಿಂದ ನೀರು ಅದರ ಶಾಖವನ್ನು ಹೀರುತ್ತದೆ, ಆದ್ದರಿಂದ ನೀರು ಬೇಗ ಕಾಯುತ್ತದೆ. ಹೊಗೆಗೂ ಅದೇ ಕಾರಣ. ಕಟ್ಟಿಗೆ ಕಾದಾಗ ಮೊದಲು ಹೊರಬರುವುದು ಉರಿಯಲ್ಲ, ಆವಿ ಮತ್ತು ಟಾರು ತುಂಬಿದ ಅನಿಲ. ಅದು ಪೂರ್ತಿ ಸುಟ್ಟುಹೋಗಬೇಕಾದರೆ ಸಾಕಷ್ಟು ಗಾಳಿಯ ಜೊತೆಗೆ ಸುಮಾರು 600 ಡಿಗ್ರಿಗೂ ಮೀರಿದ ಬಿಸಿ ಬೇಕು. ಬಂಬದ ಕೊಳವೆಯ ಗೋಡೆಯಾದರೋ ಅದರಾಚೆಗಿನ ನೀರಿನ ಬಿಸಿಗಿಂತ ಹೆಚ್ಚೇನೂ ಕಾಯುವುದಿಲ್ಲ, ಎಂದರೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಉರಿಯ ನಾಲಿಗೆ ಆ ತಣ್ಣನೆಯ ತಾಮ್ರಕ್ಕೆ ತಾಗಿದಲ್ಲೆಲ್ಲ ನಂದಿ, ಅರೆ ಸುಟ್ಟ ಅನಿಲ ಹಾಗೆಯೇ ಮೇಲೆ ಹೋಗುತ್ತದೆ. ಕೊಳವೆಯೊಳಗೆ ಕೈಯಾಡಿಸಿದರೆ ಅಂಟುವ ಹೊಳಪಿನ ಕರಿ ಮಸಿಯೇ ಸಾಕ್ಷಿ. ಅದು ಸುಡದೆ ಉಳಿದ ಉರುವಲು.

ಬಂಬ ಶಾಖವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಚೆನ್ನಾಗಿ ಸುಡುವುದಿಲ್ಲ. ಒಲೆ ಮಾರುವವರು ಈ ಎರಡು ಗುಣಗಳನ್ನು ಒಂದೇ ಎಂಬಂತೆ ಹೇಳುತ್ತಾರೆ. ಕಟ್ಟಿಗೆಯಲ್ಲಿ ಅರ್ಧಕ್ಕರ್ಧ ಉಳಿತಾಯವಾಗುತ್ತದೆ ಎಂಬ ಮಾತು ನಿಜವಿದ್ದರೂ ಹೊಗೆ ಅರ್ಧವಾಗುತ್ತದೆ ಎಂದು ಅದರಿಂದ ಅರ್ಥವಾಗುವುದಿಲ್ಲ. ಹೊಗೆ ಕಡಿಮೆ ಮಾಡುವ ಒಲೆಗಳೆಲ್ಲ ಪಾಲಿಸುವ ಕ್ರಮ ಒಂದೇ: ಉರಿಗೆ ಮೊದಲು ಬಿಸಿಯಾದ ಗೂಡಿನಲ್ಲಿ ಪೂರ್ತಿ ಉರಿಯಲು ಜಾಗ ಕೊಟ್ಟು, ಆಮೇಲೆ ಅದರ ಶಾಖವನ್ನು ಪಾತ್ರೆಗೆ ಮುಟ್ಟಿಸುವುದು. ಅಮೆರಿಕದ ಲ್ಯಾರಿ ವಿನಿಯಾರ್‌ಸ್ಕಿ 1980ರ ದಶಕದಲ್ಲಿ ರೂಪಿಸಿದ ರಾಕೆಟ್ ಒಲೆಯಲ್ಲಿ ಗೂಡು ಮೊಣಕೈಯಂತೆ ಬಾಗಿರುತ್ತದೆ. ಕಟ್ಟಿಗೆ ಅಡ್ಡ ಬಾಯಿಯಲ್ಲಿ ಒಂದು ಲೋಹದ ಹಲಗೆಯ ಮೇಲೆ ಕೂತಿರುತ್ತದೆ, ಗಾಳಿ ಆ ಹಲಗೆಯ ಕೆಳಗಿನಿಂದ ನುಗ್ಗಿ ಕಟ್ಟಿಗೆಯ ತುದಿಯನ್ನು ಮಾತ್ರ ಸುಡುತ್ತದೆ, ಉರಿ ನೆಟ್ಟಗಿನ ಕೊಳವೆಯಲ್ಲಿ ಏರುತ್ತ ಅಲ್ಲೇ ತನ್ನ ಹೊಗೆಯನ್ನು ತಿಂದುಕೊಳ್ಳುತ್ತದೆ. ನಮ್ಮವರೂ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಜಾಲರಿ, ಮುಚ್ಚಿದ ಗೂಡು, ಚಿಮಣಿ ಸೇರಿಸಿ ಮಾಡಿದ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಅಡಿಗೆಮನೆಗಳನ್ನು ಹೊಕ್ಕಿದೆ. ನಿಮ್ಮ ಊರಿನ ಮನೆಯಲ್ಲೂ ಒಂದಿದ್ದಿರಬಹುದು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ತಿದ್ದಬೇಕು. ದಪ್ಪ ಮಣ್ಣಿನ ಗೋಡೆ ಶಾಖವನ್ನು ಕಾಯ್ದುಕೊಳ್ಳುತ್ತದೆ, ಆದ್ದರಿಂದ ಭಾರದ ಒಲೆಯೇ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ದಿನವಿಡೀ ಉರಿಯುವ ಒಲೆಗೆ ಅದು ಸರಿ. ಬೆಳಿಗ್ಗೆ ಅರ್ಧ ಗಂಟೆ ನೀರು ಕಾಯಿಸುವ ಒಲೆಗೆ ಅದು ಪೂರ್ತಿ ತಪ್ಪು, ಏಕೆಂದರೆ ಮೊದಲ ಕಾಲು ಗಂಟೆ ಉರಿಯ ಶಾಖವನ್ನೆಲ್ಲ ಆ ಗೋಡೆಯೇ ಕುಡಿಯುತ್ತದೆ, ಮತ್ತು ಒಲೆ ಹೆಚ್ಚು ಹೊಗೆ ಬಿಡುವುದು ಆ ಕಾಲು ಗಂಟೆಯಲ್ಲೇ. ನಿಮಗೆ ಬೇಕಾದದ್ದು ಹಗುರವಾದ, ಶಾಖ ಹೀರದ ಒಳಗೋಡೆ. ಅಂಗಡಿಯಲ್ಲಿ ಒಲೆಯನ್ನು ಎತ್ತಿ ನೋಡಿ, ಒಳಗೋಡೆಗೂ ಹೊರತಗಡಿಗೂ ನಡುವೆ ಏನು ತುಂಬಿದ್ದಾರೆ ಎಂದು ಕೇಳಿ. ಏನೂ ಇಲ್ಲದ ಒಂಟಿ ತಗಡಿನ ಒಲೆಯಾದರೆ ಅಲ್ಲೇ ಇಟ್ಟು ಬನ್ನಿ.

ಇನ್ನು ಕಟ್ಟಿಗೆ. ಹೊಸದಾಗಿ ಕಡಿದ ಮಾವಿನ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಒಂದು ಕಿಲೋದಲ್ಲಿ ಒಣ ಭಾಗ ಅರ್ಧ ಕಿಲೋ, ಅದರ ಶಕ್ತಿ ಸುಮಾರು 9 ಮೆಗಾಜೂಲ್ (ಶಾಖವನ್ನು ಅಳೆಯುವ ಮಾನ). ಉಳಿದರ್ಧ ಕಿಲೋ ನೀರನ್ನು ಆವಿ ಮಾಡಲು ಸುಮಾರು 1.3 ಮೆಗಾಜೂಲ್ ಹೋಗುತ್ತದೆ. ನಷ್ಟ ಏಳರಲ್ಲಿ ಒಂದು ಪಾಲು, ದೊಡ್ಡದೇನಲ್ಲ ಎನಿಸಬಹುದು. ಆದರೆ ಆ ನಷ್ಟ ಆಗುವುದು ಗೂಡಿನ ಒಳಗೇ, ಬಿಸಿ ಏರಬೇಕಾದ ಜಾಗದಲ್ಲೇ. ತುಂಡಿನ ಹಿಂಬದಿಯಲ್ಲಿ ಸುಂಯ್ ಎಂದು ನೊರೆಯುಕ್ಕುತ್ತಿರುವಾಗ ಯಾವ ಕಂಪನಿಯ ಒಲೆಯೂ ಹೊಗೆಯಾಡದೆ ಇರುವುದಿಲ್ಲ.

ನಾನು ಮೊದಲ ವರ್ಷ ಇದನ್ನು ಕಲಿತದ್ದು ಅಡಿಗೆಮನೆಯ ತಕ್ಕಡಿಯಿಂದ. ಸೀಳಿದ ಒಂದು ಮಾವಿನ ತುಂಡಿಗೆ ಸುಣ್ಣದ ಗುರುತು ಹಾಕಿ ವಾರಕ್ಕೊಮ್ಮೆ ತೂಗುತ್ತ ಬಂದೆ. ಫೆಬ್ರುವರಿಯಲ್ಲಿ ಎರಡು ಕಿಲೋದ ಹತ್ತಿರವಿದ್ದದ್ದು ಮೇ ಕೊನೆಗೆ ಒಂದೂಕಾಲು ಕಿಲೋಗೆ ಇಳಿದು ಅಲ್ಲಿಯೇ ನಿಂತಿತು. ತೂಕ ಎರಡು ವಾರ ಕದಲದಿದ್ದರೆ ಕಟ್ಟಿಗೆ ಗಾಳಿಗೆ ಒಣಗಬಹುದಾದಷ್ಟು ಒಣಗಿತೆಂದು ಲೆಕ್ಕ. ನೀರಿನಂಶ 20 ಪ್ರತಿಶತಕ್ಕಿಂತ ಕೆಳಗಿರಬೇಕು ಎಂಬುದು ಎಲ್ಲ ಕಡೆ ಹೇಳುವ ಅಳತೆ. ಒಣಗಿದ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತವೆ, ಹಸಿಯವು ದಪ್ ಎನ್ನುತ್ತವೆ. ತುದಿಗಳಲ್ಲಿ ಬಿಸಿಲಿನ ಬಿರುಕು ಕಾಣುತ್ತದೆ. ಮಣಿಕಟ್ಟಿಗಿಂತ ದಪ್ಪವಾದದ್ದನ್ನು ಸೀಳದೆ ಒಟ್ಟಬೇಡಿ. ನಿಮ್ಮ ಮುಳಶಿ ತಾಲೂಕಿನ ಕಡೆ ಮಳೆ ಪುಣೆಗಿಂತ ಬಹಳ ಹೆಚ್ಚು ಎಂಬುದು ನಿಮಗೇ ಗೊತ್ತು, ಆದ್ದರಿಂದ ಜೂನ್ ಒಳಗೆ ಕಟ್ಟಿಗೆ ಮಾಡಿನ ಕೆಳಗೆ, ನೆಲಕ್ಕೆ ತಾಗದಂತೆ, ಗಾಳಿ ಆಡುವಂತೆ ಸೇರಿರಬೇಕು. ತಾಡಪತ್ರಿ ಬಿಗಿದು ಮುಚ್ಚಿದ ಒಟ್ಟು ಒಳಗೊಳಗೇ ಬೆವರಿ ಬೂಷ್ಟು ಹಿಡಿಯುತ್ತದೆ.

ಒಲೆಯ ಗುಣಮಟ್ಟಕ್ಕೆ ನಮ್ಮಲ್ಲಿ ಒಂದು ಮಾನಕವಿದೆ: ಐಎಸ್ 13152, ಭಾಗ 1, 2013. ಗಾಳಿ ಊದುವ ಫ್ಯಾನ್ ಇಲ್ಲದ ಒಲೆ ಉರುವಲಿನ ಶಾಖದಲ್ಲಿ ಕನಿಷ್ಠ 25 ಪ್ರತಿಶತವನ್ನು ಪಾತ್ರೆಗೆ ಮುಟ್ಟಿಸಬೇಕು, ಫ್ಯಾನ್ ಒಲೆ 35 ಪ್ರತಿಶತ. ಪಾತ್ರೆಗೆ ಸೇರಿದ ಪ್ರತಿ ಮೆಗಾಜೂಲ್ ಶಾಖಕ್ಕೆ ಮಸಿಯ ಕಣಗಳು ಫ್ಯಾನ್ ಇಲ್ಲದ್ದರಲ್ಲಿ 350 ಮಿಲಿಗ್ರಾಂ, ಫ್ಯಾನ್ ಇದ್ದದ್ದರಲ್ಲಿ 150 ಮಿಲಿಗ್ರಾಂ ಮೀರಬಾರದು. ಕಾರ್ಬನ್ ಮಾನಾಕ್ಸೈಡ್ ಎರಡರಲ್ಲೂ 5 ಗ್ರಾಂ ಮೀರಬಾರದು. ಕೊಳ್ಳುವಾಗ ಪರೀಕ್ಷಾ ವರದಿಯಲ್ಲಿ ಈ ಅಂಕೆಗಳನ್ನು ತೋರಿಸಲು ಕೇಳಿ.

ಆದರೆ ಮಾನಕ ದಾಟಿದ ಒಲೆಯೆಂದರೆ ಹೊಗೆಯಿಲ್ಲದ ಒಲೆಯಲ್ಲ. ನಿಮ್ಮ ಬಚ್ಚಲಿಗೇ ಲೆಕ್ಕ ಹಾಕೋಣ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ನೀರಿಗೆ ಸೇರಬೇಕಾದ ಶಾಖ ಸುಮಾರು 3.3 ಮೆಗಾಜೂಲ್. ಮಾನಕದ ಅಂಚಿನಲ್ಲಿರುವ ಫ್ಯಾನ್ ಇಲ್ಲದ ಒಲೆ ಅಷ್ಟಕ್ಕೆ ಮುಕ್ಕಾಲರಿಂದ ಒಂದು ಕಿಲೋ ಒಣ ಕಟ್ಟಿಗೆ ತಿಂದು ಒಂದು ಗ್ರಾಂಗಿಂತ ತುಸು ಹೆಚ್ಚು ಕಣಗಳನ್ನು ಬಿಡಬಹುದು. ಕಟ್ಟಿಗೆ ಹೊಗೆಯ ಕಣಗಳಲ್ಲಿ ಬಹುಪಾಲು 2.5 ಮೈಕ್ರಾನ್‌ಗಿಂತ ಸಣ್ಣವು; ಅವುಗಳಿಗೆ ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಒಂದು ಗ್ರಾಂ ಕಣ ಆ ಮಿತಿಯೊಳಗೆ ತೆಳುವಾಗಬೇಕಾದರೆ ಹದಿನಾರು ಸಾವಿರ ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಬಚ್ಚಲಲ್ಲಿರುವುದು ಎಂಟೋ ಹತ್ತೋ ಘನ ಮೀಟರ್. ಜೊತೆಗೆ ಅದೇ ಉರಿ ಬಿಡಬಹುದಾದ 16 ಗ್ರಾಂ ಕಾರ್ಬನ್ ಮಾನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ್ದು, ಕದ ಹಾಕಿದ ಕೋಣೆಯಲ್ಲಿ ಜೀವ ತೆಗೆಯುವಂಥದ್ದು. ಚಿಮಣಿಯಿಲ್ಲದ ಯಾವ ಒಲೆಯನ್ನೂ, ಅದಕ್ಕೆ ಎಷ್ಟೇ ಮುದ್ರೆಗಳಿದ್ದರೂ, ಬಚ್ಚಲೊಳಗೆ ಇಡಬೇಡಿ.

ಚಿಮಣಿ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಡಿಸೆಂಬರ್ ಬೆಳಗಿನಲ್ಲಿ ಪುಣೆಯ ಸುತ್ತಲಿನ ತಗ್ಗುಗಳಲ್ಲಿ ತಣ್ಣನೆಯ ಗಾಳಿ ನೆಲಕ್ಕಂಟಿ ಕೂರುತ್ತದೆ. ಗೋಡೆಯ ತೂತಿನಿಂದ ಅಡ್ಡವಾಗಿ ಹೊರಬಿಟ್ಟ ಹೊಗೆ ನೇರ ಪಕ್ಕದ ಮನೆಯ ಕಿಟಕಿಗೇ ಹೋಗುತ್ತದೆ, ನಿಮ್ಮಲ್ಲಿ ಆಗುತ್ತಿರುವುದೂ ಬಹುಶಃ ಅದೇ. ಕೊಳವೆ ನೆಟ್ಟಗಿರಲಿ, ಮಾಡಿನ ನೆತ್ತಿಗಿಂತ ಕನಿಷ್ಠ ಎರಡಡಿ ಮೇಲಿರಲಿ, ಮಳೆಗೆ ಟೊಪ್ಪಿಗೆಯಿರಲಿ. ತಿಂಗಳಿಗೊಮ್ಮೆ ಮಸಿ ಕೆರೆಯಿರಿ. ಹಳೆಯ ಮನೆ ಕೆಡವಿದಲ್ಲಿ ಸಿಗುವ ಆಸ್ಬೆಸ್ಟಾಸ್ ಕೊಳವೆ ಪುಕ್ಕಟೆ ಸಿಕ್ಕರೂ ಬೇಡ.

ಮಲ್ಟಿಫ್ಯೂಯೆಲ್ ಎಂಬ ಮಾತಿಗೆ ಬರೋಣ. ಚಳಿ ದೇಶಗಳಲ್ಲಿ ಅದರ ಅರ್ಥ ಕಟ್ಟಿಗೆ ಮತ್ತು ಕಲ್ಲಿದ್ದಲು ಎರಡನ್ನೂ ಉರಿಸುವ, ಕೋಣೆ ಬೆಚ್ಚಗಿಡುವ ಬೀಡುಕಬ್ಬಿಣದ ಒಲೆ. ಕಲ್ಲಿದ್ದಲಿಗೆ ಗಾಳಿ ಜಾಲರಿಯ ಕೆಳಗಿನಿಂದ ಬೇಕು, ಕಟ್ಟಿಗೆ ಬೂದಿಯ ಹಾಸಿನ ಮೇಲೆ ಕೂತು ಮೇಲಿನ ಗಾಳಿಗೆ ಚೆನ್ನಾಗಿ ಉರಿಯುತ್ತದೆ. ಎರಡಕ್ಕೂ ಆಗುವ ಒಲೆ ಎರಡರಲ್ಲೂ ಸ್ವಲ್ಪ ರಾಜಿ ಮಾಡಿಕೊಂಡಿರುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2022ರ ಜನವರಿಯಿಂದ ಇಂಥ ಒಲೆಗಳಿಗೆ ಇಕೋಡಿಸೈನ್ ಎಂಬ ಹೊಗೆ, ದಕ್ಷತೆಗಳ ಮಿತಿಗಳು ಜಾರಿಯಲ್ಲಿವೆ, ಆಮದು ಮಾಡಿ ಮಾರುವವರು ಆ ಹೆಸರನ್ನು ಮುಂದೆ ಮಾಡುತ್ತಾರೆ. ಪುಣೆಯ ಚಳಿಗೆ ಶಾಲು ಸಾಕು. ನಮ್ಮ ಪೇಟೆಯಲ್ಲಿ ಅದೇ ಹೆಸರಿನಲ್ಲಿ ಮಾರುವುದು ಕಟ್ಟಿಗೆ, ಕುಳ್ಳು, ಕರಟ, ರವದಿ (ಕಬ್ಬಿನ ಒಣ ಎಲೆ) ಎಲ್ಲವನ್ನೂ ತುರುಕಬಹುದಾದ ಒಲೆಯನ್ನು. ತುರುಕಬಹುದು ಎಂಬುದಕ್ಕೂ ಶುದ್ಧವಾಗಿ ಉರಿಯುತ್ತದೆ ಎಂಬುದಕ್ಕೂ ಬಹಳ ಅಂತರ. ಕುಳ್ಳಿನ ಬೂದಿ ಗಾಳಿಕಿಂಡಿಯನ್ನು ಕಟ್ಟುತ್ತದೆ, ರವದಿ ಒಮ್ಮೆಲೆ ಭಗ್ಗೆಂದು ಉರಿದು ಗಾಳಿ ಸಾಲದೆ ಹೊಗೆಯಾಡುತ್ತದೆ. ರವದಿಯನ್ನು ಹಾಗೆಯೇ ಸುಡದೆ ಇದ್ದಿಲು ಮಾಡುವ ವಿಧಾನಕ್ಕಾಗಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನ ರೂಪಿಸುವ ಪುಣೆಯ ಆರ್ತಿ ಸಂಸ್ಥೆಗೆ 2002ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂದದ್ದರ ಹಿಂದೆ ಈ ಕಾರಣವೂ ಇದೆ. ಇದ್ದಿಲಿಗೆ ಹೊಗೆಯಿಲ್ಲ, ಆದರೆ ಕಾರ್ಬನ್ ಮಾನಾಕ್ಸೈಡ್ ಧಾರಾಳ, ಅದು ಅಂಗಳಕ್ಕಷ್ಟೇ. ಕರಟವನ್ನು ಮಾತ್ರ ಬೇಕಾದರೆ ಕಟ್ಟಿಗೆಯ ಜೊತೆ ಒಂದೆರಡು ಚೂರು ಹಾಕಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಹಾಲಿನ ಚೀಲ ಇವನ್ನು ಕಿಚ್ಚು ಹೊತ್ತಿಸಲೂ ಬಳಸಬೇಡಿ.

ಅಂಕೆಗಳನ್ನು ನೋಡಿದರೆ ಫ್ಯಾನ್ ಒಲೆಯೇ ಮೇಲು, ನಿಜ. ಪೆಲೆಟ್ (ಹೊಟ್ಟು, ಕೃಷಿ ಕಸ ಒತ್ತಿ ಮಾಡಿದ ಗುಳಿಗೆ) ತುಂಬಿ ಮೇಲಿನಿಂದ ಹೊತ್ತಿಸಿದರೆ ನೀಲಿ ಅಂಚಿನ ಉರಿ ಗ್ಯಾಸಿನಂತೆಯೇ ಕಾಣುತ್ತದೆ. ನನ್ನ ಬಳಿಯೂ ಒಂದಿತ್ತು. ಪೆಲೆಟ್ ತಂದುಕೊಡುತ್ತಿದ್ದವನು ಎರಡನೆಯ ವರ್ಷ ಚಿಲ್ಲರೆ ಮಾರುವುದನ್ನೇ ನಿಲ್ಲಿಸಿದ. ಆಮೇಲೆ ಕಟ್ಟಿಗೆಯನ್ನು ಬೆರಳುದ್ದ ಕೊಚ್ಚಿ ಹಾಕುವ ಕೆಲಸ ಒಂದು ತಿಂಗಳು ನಡೆಯಿತು, ಈಗ ಅದರಲ್ಲಿ ತುಳಸಿ ಬೆಳೆದಿದೆ. ಸುರಿದಷ್ಟೇ ಉರಿಯುವ ಒಲೆಯಾದ್ದರಿಂದ ನಡುವೆ ಉರುವಲು ಸೇರಿಸಿದಾಗ ಹೊಗೆ ಏಳುವುದೂ ಅದರ ಗುಣ. ನಿಮಗೆ ಅಂಗಳದಲ್ಲೇ ಕಟ್ಟಿಗೆ ಇರುವಾಗ ಪೇಟೆಯ ಉರುವಲಿಗೆ ಕೈಯೊಡ್ಡುವ ಒಲೆ ಏಕೆ?

ಮುಂಬೈಯ ಅಥವಾ ಪುಣೆಯ ಫ್ಲ್ಯಾಟ್‌ಗಳಲ್ಲಿರುವವರು ಈ ಉತ್ತರವನ್ನು ತಮಗೆಂದು ಓದಬಾರದು. ಮುಂಬೈಯಲ್ಲಿ ಕಟ್ಟಿಗೆ ಭಟ್ಟಿಯ ಬೇಕರಿಗಳೇ ಬೇರೆ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನಿಮಗೂ ಒಂದು ಮಾತು: ಮಾಡಿನ ಮೇಲೆ ಸೋಲಾರ್ ಹೀಟರ್ ಇದ್ದರೆ ಅಕ್ಟೋಬರಿನಿಂದ ಮೇ ತನಕ ಅದೇ ನೀರು ಕಾಯಿಸಿಕೊಡುತ್ತದೆ, ಕಟ್ಟಿಗೆ ಬೇಕಾಗುವುದು ಹೆಚ್ಚಾಗಿ ಮಳೆಗಾಲಕ್ಕೆ. ಬಂಬವನ್ನು ಮಾರಬೇಡಿ, ಹಳೆಯ ತಾಮ್ರ ಒಳ್ಳೆಯದಿರುತ್ತದೆ. ಮಳೆಗಾಲದ ಅನಿವಾರ್ಯಕ್ಕೆ ಅದನ್ನೇ ಉರಿಸಬೇಕಾದರೆ ಬೆರಳು ದಪ್ಪದ ಒಣ ಚಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಕೊಳವೆಯ ಬಾಯಿ ತುಂಬದಂತೆ ಉರಿಸಿ.

ರೊಟ್ಟಿಯ ವಿಷಯಕ್ಕೆ ರಾಕೆಟ್ ಒಲೆಯಲ್ಲಿ ಒಂದು ತೊಡಕಿದೆ. ಅದರ ಉರಿ ನಡುವೆ ಒಂದೇ ಕಡೆ ಚುಚ್ಚುತ್ತದೆ, ತೆಳು ತವೆಯಾದರೆ ರೊಟ್ಟಿಯ ನಡುಭಾಗ ಕಪ್ಪಾಗಿ ಅಂಚು ಹಸಿ ಉಳಿಯುತ್ತದೆ. ದಪ್ಪ ಬೀಡಿನ ಹಂಚು ಇಡಿ, ಕಟ್ಟಿಗೆ ಎರಡೇ ಚಕ್ಕೆ ಇರಲಿ, ಹಂಚು ಸಮನಾಗಿ ಕಾಯಲು ಹತ್ತು ನಿಮಿಷ ಬಿಡಿ. ಒಲೆಯ ಬಾಯಲ್ಲಿ ಕೆಂಡ ಬಿದ್ದ ಮೇಲೆ ಚಕ್ಕೆಗಳನ್ನು ಹಿಂದಕ್ಕೆಳೆದು, ಕೆಂಡವನ್ನು ಹಲಗೆಯ ಮೇಲೆ ಮುಂದೆ ಸರಿಸಿ, ಬೆಂದ ರೊಟ್ಟಿಯನ್ನು ಅದಕ್ಕೆ ಒರಗಿಸಿ ನಿಲ್ಲಿಸಿದರೆ ಅದು ಊರಿನ ಒಲೆಯಲ್ಲಿ ಉಬ್ಬಿದ ಹಾಗೆಯೇ ಉಬ್ಬುತ್ತದೆ.