ಮಾತ್ರೆಯ ಫ್ಲೋರಿನ್, ಬೋರ್‌ವೆಲ್ ನೀರಿನ ಫ್ಲೋರೈಡ್: ಎರಡೂ ಒಂದೇನಾ?

ಪ್ರಶ್ನೆ: ಅಪ್ಪ ದಿನಾ ತಗೊಳ್ಳೋ ಸಕ್ಕರೆ ಕಾಯಿಲೆ ಮಾತ್ರೆಯಲ್ಲಿ ಫ್ಲೋರಿನ್ ಇದೆಯಂತೆ. ನಮ್ಮ ಕಡೆ ಬೋರ್‌ವೆಲ್ ನೀರು ಕುಡಿದು ಹಲ್ಲು, ಮೂಳೆ ಹಾಳಾಗೋದು ಅದರಿಂದಲೇ ಅಲ್ವಾ? ಗೊತ್ತಿದ್ದೂ ಔಷಧಿಗೆ ಯಾಕೆ ಸೇರಿಸ್ತಾರೆ? ಹೇಗೆ ಸೇರಿಸ್ತಾರೆ?

ಮೊದಲ ಪ್ರಶ್ನೆಗೆ ಉತ್ತರ: ಅಲ್ಲ. ಎರಡೂ ಬೇರೆ ಬೇರೆ. ಇದನ್ನು ತರಗತಿಯಲ್ಲಿ ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಆದರೂ ಪ್ರಶ್ನೆ ಮತ್ತೆ ಬರುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಕೇಳಿದರೆ ನನಗೆ ಅರ್ಥವಾಗುತ್ತದೆ. ಕಂದು ಕಲೆ ಬಿದ್ದ ಹಲ್ಲು, ಬಗ್ಗಿದ ಬೆನ್ನು ನೋಡಿಕೊಂಡೇ ಬೆಳೆದವರಿಗೆ ಆ ಹೆಸರು ಕೇಳಿದರೆ ಭಯ ಆಗದೆ ಇರುತ್ತದೆಯೇ? ಆದರೆ ಇದೇ ಭಯಕ್ಕೆ ಮಾತ್ರೆ ನಿಲ್ಲಿಸಿಬಿಡುವವರೂ ಇದ್ದಾರೆ. ಅದು ಅಪಾಯ. ಹಾಗಾಗಿ ಈ ಸಲ ಲೆಕ್ಕ ಸಮೇತ ಹೇಳುತ್ತೇನೆ.

ನೀರಿನಲ್ಲಿರುವುದು ಫ್ಲೋರೈಡ್ ಅಯಾನ್. ಒಂದು ಎಲೆಕ್ಟ್ರಾನನ್ನು ಜಾಸ್ತಿ ಇಟ್ಟುಕೊಂಡು, ಯಾವ ಅಣುವಿಗೂ ಅಂಟಿಕೊಳ್ಳದೆ ಒಂಟಿಯಾಗಿ ಓಡಾಡುವ ಫ್ಲೋರಿನ್ ಅದು. ಕ್ಯಾಲ್ಸಿಯಂ ಸಿಕ್ಕಿದರೆ ಬಿಡುವುದಿಲ್ಲ. ಹಲ್ಲು, ಮೂಳೆ ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟಿನಿಂದ ಗಟ್ಟಿಯಾದವು. ಅಲ್ಲಿ ಹೋಗಿ ಸೇರಿಕೊಳ್ಳುತ್ತದೆ. ಅದಕ್ಕೇ ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಮಾತ್ರೆಯ ಫ್ಲೋರಿನ್ ಒಂಟಿಯಲ್ಲ. ಅದು ಕಾರ್ಬನ್‌ಗೆ ಕಟ್ಟಿಕೊಂಡಿದೆ. ಕಾರ್ಬನ್ ಮಾಡಿಕೊಳ್ಳುವ ಏಕಬಂಧಗಳಲ್ಲಿ ಇದೇ ತೀರಾ ಗಟ್ಟಿ. ಮುರಿಯಲು ಮೋಲ್‌ಗೆ ಸುಮಾರು 485 ಕಿಲೋಜೂಲ್ ಶಕ್ತಿ ಬೇಕು. ಕಾರ್ಬನ್–ಹೈಡ್ರೋಜನ್ ಬಂಧಕ್ಕೆ ಸುಮಾರು 413 ಸಾಕು.

"ಆದರೂ ನಿಧಾನಕ್ಕೆ ಬಿಟ್ಟುಕೊಳ್ಳಬಹುದಲ್ವಾ ಸಾರ್?" ಇದು ಮುಂದಿನ ಪ್ರಶ್ನೆ. ಯಾವಾಗಲೂ ಬರುತ್ತದೆ. ಸರಿ, ಲೆಕ್ಕ ಹಾಕೋಣ. ಸಿಟಾಗ್ಲಿಪ್ಟಿನ್ ತೆಗೆದುಕೊಳ್ಳಿ. ಈಗ ಎಷ್ಟೋ ಮನೆಗಳಲ್ಲಿ ಇರುವ ಸಕ್ಕರೆ ಕಾಯಿಲೆ ಮಾತ್ರೆ. ಇದರ ಒಂದು ಅಣುವಿನಲ್ಲಿ 6 ಫ್ಲೋರಿನ್ ಪರಮಾಣುಗಳಿವೆ. ಅಣುತೂಕ ಸುಮಾರು 407, ಅದರಲ್ಲಿ ಫ್ಲೋರಿನ್ ಪಾಲು 114. ಅಂದರೆ 100 ಮಿಲಿಗ್ರಾಂ ಔಷಧಿಯಲ್ಲಿ 28 ಮಿಲಿಗ್ರಾಂ ಫ್ಲೋರಿನ್. ಇದೆಲ್ಲ ಫ್ಲೋರೈಡ್ ಆಗಿ ಬಿಡುಗಡೆಯಾದರೆ? ಲೀಟರಿಗೆ 1.5 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 18 ಲೀಟರಿಗಿಂತ ಜಾಸ್ತಿ ಕುಡಿದ ಲೆಕ್ಕ. ದಿನಕ್ಕೆ ಒಟ್ಟು 14 ಮಿಲಿಗ್ರಾಂ ಫ್ಲೋರೈಡ್ ಹೊಟ್ಟೆಗೆ ಹೋಗುವ ಕಡೆ ಮೂಳೆ ರೋಗ ಸ್ಪಷ್ಟವಾಗಿ ಕಾಣುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಭಾರತ, ಚೀನಾದ ಅಧ್ಯಯನಗಳನ್ನು ನೋಡಿಯೇ ಹೇಳಿದೆ. ಇಲ್ಲಿ ಅದರ ಎರಡು ಪಟ್ಟು ಇದೆ. ಈ ಔಷಧಿ 2006ರಿಂದ ಬಳಕೆಯಲ್ಲಿದೆ. ನಿಮ್ಮ ಊಹೆ ನಿಜವಾಗಿದ್ದರೆ ಇಷ್ಟು ಹೊತ್ತಿಗೆ ಇದನ್ನು ನುಂಗಿದವರಿಗೆಲ್ಲ ಮೂಳೆ ರೋಗ ಬರಬೇಕಿತ್ತು. ಬಂದಿಲ್ಲ. ಯಾಕೆ ಅಂದರೆ ಒಳಗೆ ಹೋದ ಸಿಟಾಗ್ಲಿಪ್ಟಿನ್‌ನಲ್ಲಿ ಶೇ. 79ರಷ್ಟು ಏನೂ ಬದಲಾಗದೆ, ಹೋದ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತದೆ. 6 ಫ್ಲೋರಿನ್ ಹೋದವು, 6 ಫ್ಲೋರಿನ್ ಬಂದವು.

ಸ್ವಲ್ಪ ಓದಿಕೊಂಡವರು ಇನ್ನೊಂದು ವಾದ ತರುತ್ತಾರೆ. ದಕ್ಷಿಣ ಆಫ್ರಿಕಾದ ಗಿಫ್‌ಬ್ಲಾರ್ ಗಿಡದಲ್ಲಿ ಫ್ಲೋರೊಅಸಿಟೇಟ್ ಇದೆ, ಅದನ್ನು ಮೇಯ್ದ ದನ ಸಾಯುತ್ತವೆ, ಅಲ್ಲೂ ಕಾರ್ಬನ್–ಫ್ಲೋರಿನ್ ಬಂಧವೇ ತಾನೆ ಅಂತ. ಹೌದು. ಆದರೆ ಅಲ್ಲಿ ದನವನ್ನು ಕೊಲ್ಲುವುದು ಫ್ಲೋರೈಡ್ ಅಲ್ಲ. ಆ ಅಣು ಅಸಿಟೇಟಿನ ಹಾಗೇ ಕಾಣುತ್ತದೆ. ಜೀವಕೋಶ ಮೋಸ ಹೋಗಿ ಅದನ್ನು ಫ್ಲೋರೊಸಿಟ್ರೇಟ್ ಮಾಡಿಕೊಳ್ಳುತ್ತದೆ. ಅದು ಶಕ್ತಿ ತಯಾರಿಸುವ ಚಕ್ರಕ್ಕೆ ಅಡ್ಡ ಕೂರುತ್ತದೆ. ಬಂಧ ಮುರಿಯದೆ ಉಳಿದದ್ದೇ ಅಲ್ಲಿನ ತೊಂದರೆ. ಯಾವ ಅಣು ಅನ್ನುವುದನ್ನು ಬಿಟ್ಟು ಯಾವ ಮೂಲವಸ್ತು ಅಂತ ಮಾತ್ರ ನೋಡಿದರೆ ರಸಾಯನಶಾಸ್ತ್ರದಲ್ಲಿ ಏನೂ ಅರ್ಥವಾಗುವುದಿಲ್ಲ.

ಅಪವಾದ ಇಲ್ಲವೇ? ಇದೆ, ಮುಚ್ಚಿಡುವುದಿಲ್ಲ. ವೊರಿಕೊನಜೋಲ್ ಎಂಬ ಶಿಲೀಂಧ್ರ ಸೋಂಕಿನ ಔಷಧಿಯನ್ನು ತಿಂಗಳುಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ರಕ್ತದ ಫ್ಲೋರೈಡ್ ಏರಿ ಮೂಳೆ ನೋವು ಬಂದಿದೆ. ಹಳೆಯ ಅರಿವಳಿಕೆ ಮೆಥಾಕ್ಸಿಫ್ಲುರೇನ್ ದೇಹದಲ್ಲಿ ಒಡೆದು ಫ್ಲೋರೈಡ್ ಬಿಟ್ಟು ಕಿಡ್ನಿಗೆ ಪೆಟ್ಟು ಕೊಟ್ಟಿತ್ತು. ಇವೆಲ್ಲ ವೈದ್ಯರಿಗೆ ಗೊತ್ತಿರುವ ವಿಷಯ. ಹೊಸ ಔಷಧಿ ಮಾಡುವಾಗ ಇದನ್ನು ಪರೀಕ್ಷೆ ಮಾಡುತ್ತಾರೆ. ಅನುಮಾನ ಇದ್ದರೆ ವೈದ್ಯರನ್ನು ಕೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಯಾಕೆ ಸೇರಿಸುತ್ತಾರೆ ಅನ್ನುವುದು ಸುಲಭದ ಭಾಗ. ನಮ್ಮ ಲಿವರ್ ಔಷಧಿಯ ಅಣುವನ್ನು ಕೆಲವು ಕಡೆ ಕಚ್ಚಿ ಬದಲಾಯಿಸುತ್ತದೆ. ಆ ಜಾಗದಲ್ಲಿ ಹೈಡ್ರೋಜನ್ ತೆಗೆದು ಫ್ಲೋರಿನ್ ಕೂರಿಸಿದರೆ ಕಚ್ಚಲು ಆಗುವುದಿಲ್ಲ, ಔಷಧಿ ಜಾಸ್ತಿ ಹೊತ್ತು ಉಳಿಯುತ್ತದೆ. ಫ್ಲೋರಿನ್ ಚಿಕ್ಕದು, ಅಣುವಿನ ಆಕಾರ ಅಷ್ಟೇನೂ ಕೆಡುವುದಿಲ್ಲ. ಕೊಲೆಸ್ಟರಾಲ್‌ಗೆ ಕೊಡುವ ಅಟೊರ್ವಾಸ್ಟಾಟಿನ್‌ನಲ್ಲಿ ಒಂದು ಇದೆ, ನೀವು ಗ್ಯಾಸ್ ಮಾತ್ರೆ ಅನ್ನುವ ಪ್ಯಾಂಟೊಪ್ರಜೋಲ್‌ನಲ್ಲಿ ಎರಡು. ಇಂದಿನ ಔಷಧಿಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಫ್ಲೋರಿನ್ ಇದೆ.

ಇನ್ನು ಹೇಗೆ. ನನಗೆ ಇಷ್ಟವಾದ ಭಾಗ ಇದು.

ಎರಡೂ ಒಂದೇ ಆಗಿದ್ದರೆ ಫ್ಲೋರೈಡ್ ಇರುವ ನೀರಿಗೆ ಔಷಧಿ ಹಾಕಿ ಕಲಸಿದರೆ ಮುಗಿಯುತ್ತಿತ್ತು. ಹಾಗೆ ಮಾಡಿದರೆ ಏನೂ ಆಗುವುದಿಲ್ಲ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ನೀರಿನ ಅಣುಗಳು ಫ್ಲೋರೈಡನ್ನು ಮುತ್ತಿಕೊಂಡಿರುತ್ತವೆ. ಅದು ಕಾರ್ಬನ್ ಹತ್ತಿರ ಹೋಗಲು ಬಿಡುವುದಿಲ್ಲ. ಫ್ಲೋರಿನ್ ಅನಿಲವನ್ನೇ ಹಾಯಿಸಿದರೆ? 1886ರಲ್ಲಿ ಫ್ರಾನ್ಸಿನ ಆನ್ರಿ ಮೊಯ್ಸಾನ್ ಆ ಅನಿಲವನ್ನು ಮೊದಲ ಸಲ ಬೇರ್ಪಡಿಸಿದರು, 1906ರಲ್ಲಿ ನೊಬೆಲ್ ಬಂತು. ಆದರೆ ಅದು ಸಿಕ್ಕಿದ್ದನ್ನೆಲ್ಲ ಸುಡುತ್ತದೆ. ಬೇಕಾದ ಒಂದೇ ಜಾಗದಲ್ಲಿ ಕೂರು ಅಂದರೆ ಕೇಳುವುದಿಲ್ಲ. ಒಂದು ಕಡೆ ತೀರಾ ಸೋಮಾರಿ, ಇನ್ನೊಂದು ಕಡೆ ತೀರಾ ಉಗ್ರ. ಹೊಸ ವಿಧಾನಗಳೆಲ್ಲ ಇವೆರಡರ ನಡುವೆ ದಾರಿ ಹುಡುಕಿದ ಕಥೆ.

ಹಳೆಯ ದಾರಿಗಳೂ ಇವೆ. 1927ರ ಬಾಲ್ಟ್ಸ್–ಶೀಮಾನ್ ಕ್ರಿಯೆಯಲ್ಲಿ ಎರಡು ನೈಟ್ರೋಜನ್ ಜೋಡಿಸಿಕೊಂಡಿರುವ ಡಯಜೋನಿಯಂ ಲವಣವನ್ನು ಒಣಗಿಸಿ ಬಿಸಿ ಮಾಡಬೇಕು, ಅದು ಸಿಡಿಯುವ ಭಯ ಇರುತ್ತದೆ. ಆಮೇಲೆ ಸೆಲೆಕ್ಟ್‌ಫ್ಲೋರ್ ಬಂತು. ಇದು ಬಿಳಿ ಪುಡಿ. ಬಾಟಲಿಯಿಂದ ತೆಗೆದು ಗಾಳಿಯಲ್ಲೇ ತೂಕ ಮಾಡಬಹುದು. ಅನಿಲದ ಉಗ್ರತೆಯನ್ನು ಪಳಗಿಸಿ ಪುಡಿಯಲ್ಲಿ ಕಟ್ಟಿಟ್ಟಿದ್ದಾರೆ. 2009ರಲ್ಲಿ ಅಮೆರಿಕದ ಎಂಐಟಿಯ ಸ್ಟೀಫನ್ ಬುಕ್‌ವಾಲ್ಡ್ ತಂಡ ಇನ್ನೊಂದು ಕಡೆಯಿಂದ ಹೋಯಿತು. ಸೋಮಾರಿ ಫ್ಲೋರೈಡನ್ನೇ ತೆಗೆದುಕೊಂಡು, ಪಲ್ಲಾಡಿಯಂ ವೇಗವರ್ಧಕದ ಸಹಾಯದಿಂದ ಆರು ಕಾರ್ಬನ್‌ಗಳ ಬೆಂಜೀನ್ ಉಂಗುರಕ್ಕೆ ಸೇರಿಸಿ ತೋರಿಸಿತು.

ಇಲ್ಲಿ ನಮ್ಮವರೊಬ್ಬರ ಹೆಸರು ಹೇಳಲೇಬೇಕು. ಸೂರ್ಯ ಪ್ರಕಾಶ್ ಹುಟ್ಟಿದ್ದು ಬೆಂಗಳೂರಿನಲ್ಲಿ, ಬಿಎಸ್ಸಿ ಓದಿದ್ದು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ. ಆಮೇಲೆ ಅಮೆರಿಕದಲ್ಲಿ ರಸಾಯನ ವಿಜ್ಞಾನಿ ಜಾರ್ಜ್ ಓಲಾ ಜೊತೆ ಕೆಲಸ ಮಾಡಿದರು. ಒಂದು ಕಾರ್ಬನ್, ಮೂರು ಫ್ಲೋರಿನ್ ಇರುವ ಟ್ರೈಫ್ಲೋರೊಮೀಥೈಲ್ ಗುಂಪನ್ನು ಇಡಿಯಾಗಿ ಕಾರ್ಬೊನಿಲ್ (ಕಾರ್ಬನ್, ಆಕ್ಸಿಜನ್ ಜೋಡಿ ಬಂಧ ಇರುವ) ಸಂಯುಕ್ತಗಳಿಗೆ ಸೇರಿಸುವ ದಾರಿಯನ್ನು ಇಬ್ಬರೂ 1989ರಲ್ಲಿ ತೋರಿಸಿದರು. ಆ ಗುಂಪು ಒಂದು ಸಿಲಿಕಾನ್‌ಗೆ ಅಂಟಿರುವ, ಬಣ್ಣವಿಲ್ಲದ ಒಂದು ದ್ರವ ಬಳಸುತ್ತಾರೆ. ಅದಕ್ಕೆ ತುಸುವೇ ಫ್ಲೋರೈಡ್ ಹಾಕಿದರೆ ಸಾಕು. ಫ್ಲೋರೈಡ್ ಸಿಲಿಕಾನನ್ನು ಹಿಡಿದುಕೊಳ್ಳುತ್ತದೆ, ಬಿಡುಗಡೆಯಾದ ಗುಂಪು ಕಾರ್ಬೊನಿಲ್‌ನ ಕಾರ್ಬನ್ ಮೇಲೆ ಹೋಗಿ ಕೂರುತ್ತದೆ. ಒಮ್ಮೆ ಶುರುವಾದರೆ ತಾನೇ ಮುಂದುವರಿಯುತ್ತದೆ. ಇವತ್ತು ಆ ದ್ರವವನ್ನು ಜಗತ್ತಿನಾದ್ಯಂತ ರುಪರ್ಟ್–ಪ್ರಕಾಶ್ ಕಾರಕ ಎನ್ನುತ್ತಾರೆ (ರುಪರ್ಟ್ ಅದನ್ನು ಮೊದಲು ತಯಾರಿಸಿದವರು). ನನ್ನ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿ ವರ್ಷ ಹೇಳುತ್ತೇನೆ, ಹೆಮ್ಮೆಯಿಂದಲೇ.

ಇಷ್ಟೆಲ್ಲ ಇದ್ದರೂ ಬುಡದಲ್ಲಿ ಒಂದು ತೊಂದರೆ ಉಳಿದಿತ್ತು. ಈ ಫ್ಲೋರಿನ್ ಬರುವುದು ಫ್ಲೋರ್‌ಸ್ಪಾರ್ ಎಂಬ ಕಲ್ಲಿನಿಂದ, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಅದನ್ನು ಸಲ್ಫ್ಯೂರಿಕ್ ಆಮ್ಲದ ಜೊತೆ ಕಾಯಿಸಿ ಹೈಡ್ರೋಜನ್ ಫ್ಲೋರೈಡ್ ಮಾಡಬೇಕು. 20 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವ ಭಯಂಕರ ವಸ್ತು ಅದು. 2012ರಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ಸೋರಿಕೆಯಾಗಿ 5 ಕೆಲಸಗಾರರು ಸತ್ತರು. ಇದನ್ನು ತಪ್ಪಿಸಲು ಆಕ್ಸ್‌ಫರ್ಡಿನ ವೆರೋನಿಕ್ ಗುವೆರ್ನರ್ ತಂಡ 2023ರಲ್ಲಿ ಮಾಡಿದ್ದು ನನಗೆ ತುಂಬಾ ಹಿಡಿಸಿದೆ. ಫ್ಲೋರ್‌ಸ್ಪಾರ್ ಪುಡಿ, ಪೊಟ್ಯಾಸಿಯಂ ಫಾಸ್ಫೇಟ್ ಲವಣ ಎರಡನ್ನೂ ಗುಂಡುಗಳಿರುವ ಡಬ್ಬಿಗೆ ಹಾಕಿ ಜೋರಾಗಿ ಅಲುಗಾಡಿಸಿದರು. ಗುಂಡುಗಳ ಪೆಟ್ಟಿಗೆ ಕಲ್ಲು ಒಡೆದು ಕ್ಯಾಲ್ಸಿಯಂ ಫಾಸ್ಫೇಟ್ ಕಡೆ ಹೋಯಿತು, ಫ್ಲೋರೈಡ್ ಬಿಡುಗಡೆಯಾಯಿತು. ಆ ಪುಡಿಯಿಂದಲೇ 50ಕ್ಕೂ ಹೆಚ್ಚು ಸಂಯುಕ್ತ ಮಾಡಿದರು. ಹಲ್ಲು, ಮೂಳೆ ಗಟ್ಟಿಯಾಗುವ ರೀತಿಯಿಂದಲೇ ಈ ಯೋಚನೆ ಬಂತಂತೆ. ಮರುವರ್ಷ, ಅದೇ ಕಲ್ಲನ್ನು ನೀರಿನಲ್ಲೇ ಕಡಿಮೆ ಬಿಸಿಯಲ್ಲಿ ಕರಗಿಸುವ ದಾರಿಯನ್ನೂ ತೋರಿಸಿದರು.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಇಷ್ಟು ಕಷ್ಟಪಟ್ಟು ಕಟ್ಟಿದ ಗಟ್ಟಿ ಬಂಧವನ್ನು ಬೇಡವಾದಾಗ ಬಿಚ್ಚುವುದು ಹೇಗೆ? ಅಂಟದ ತವಾದ ಲೇಪ, ಬೆಂಕಿ ಆರಿಸುವ ಕೆಲವು ನೊರೆ, ನೀರು ಹಿಡಿಯದ ಬಟ್ಟೆ, ಇವುಗಳಲ್ಲಿ ಕಾರ್ಬನ್ ಸರಪಳಿಯ ತುಂಬಾ ಫ್ಲೋರಿನ್ ಇರುವ ಸಂಯುಕ್ತಗಳಿವೆ. ಬಂಧ ಗಟ್ಟಿಯಾದ್ದರಿಂದ ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿಯುತ್ತವೆ. ಫ್ಲೋರಿನ್ ಬಗ್ಗೆ ಭಯ ಪಡಬೇಕು ಅಂತಿದ್ದರೆ ಮಾತ್ರೆಯನ್ನು ಬಿಟ್ಟು ಇದರ ಕಡೆ ನೋಡಿ. 2025ರಲ್ಲಿ ಅದೇ ಆಕ್ಸ್‌ಫರ್ಡ್ ತಂಡ, ಅದೇ ಬಗೆಯ ಫಾಸ್ಫೇಟ್ ಲವಣದ ಜೊತೆ, ಗುಂಡುಗಳ ಡಬ್ಬಿಯಲ್ಲೇ ಇಂಥ ವಸ್ತುಗಳನ್ನು ಒಡೆದು ಫ್ಲೋರೈಡ್ ವಾಪಸ್ ಪಡೆಯಿತು. ಅದರಿಂದ ಹೊಸ ಸಂಯುಕ್ತಗಳನ್ನೂ ಮಾಡಿತು. ಕಲ್ಲು ಅಗೆಯುವ ಬದಲು ಕಸದಿಂದಲೇ ಫ್ಲೋರಿನ್ ತೆಗೆಯಬಹುದು ಅಂತಾಯಿತು. ಆದರೆ ಡಬ್ಬಿಗೆ ಹಾಕಬೇಕಾದರೆ ಕಸ ಕೈಗೆ ಸಿಗಬೇಕು. ಕೆರೆ, ನದಿಯ ನೀರಿನಲ್ಲಿ ಈಗಾಗಲೇ ಕರಗಿ ಹರಡಿರುವುದನ್ನು ಮೊದಲು ಸೋಸಿ ಒಟ್ಟುಗೂಡಿಸಬೇಕು. ಆ ಕೆಲಸ ಇನ್ನೂ ಬಾಕಿ ಇದೆ.