ಟೊಮೆಟೊ ಬಣ್ಣಗೆಟ್ಟರೆ: ಕಲೆ ಎಲ್ಲಿದೆ ನೋಡಿ

ಬಣ್ಣಗೆಟ್ಟ ಟೊಮೆಟೊ ಕಂಡ ಕೂಡಲೇ ಔಷಧಿ ಬಾಟಲಿಗೆ ಕೈಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಮೊದಲು ಕಲೆ ಎಲ್ಲಿದೆ ಎಂದು ನೋಡಿ. ಹಣ್ಣಿನ ಅಡಿಯಲ್ಲೋ, ಬಿಸಿಲು ಬೀಳುವ ಮಗ್ಗುಲಲ್ಲೋ, ತೊಟ್ಟಿನ ಸುತ್ತಲೋ? ಹೆಚ್ಚಿನ ಸಲ ಕಾರಣ ಅಲ್ಲೇ ತಿಳಿಯುತ್ತದೆ, ಔಷಧಿಯೇ ಬೇಕಾಗುವುದಿಲ್ಲ.

ಕಾಸರಗೋಡಿನ ನಮ್ಮ ತಾರಸಿಗಳ ಗ್ರೋ ಬ್ಯಾಗಿನಲ್ಲಿ ತುಂಬ ಕಾಡುವುದು ಅಡಿ ಕಪ್ಪಾಗುವ ತೊಂದರೆ. ಹೂ ಉದುರಿದ ತುದಿಯಲ್ಲಿ ಮೊದಲು ನೀರು ಹೀರಿದಂಥ ಕಲೆ, ಆಮೇಲೆ ಅದು ಕಂದಾಗಿ, ಕಪ್ಪಾಗಿ ಒಳಗೆ ಕುಸಿಯುತ್ತದೆ. ಇದು ಹರಡುವ ರೋಗ ಅಲ್ಲವೇ ಅಲ್ಲ. ಕಾಯಿ ಬೆಳೆಯುವಾಗ ತುದಿಗೆ ಕ್ಯಾಲ್ಸಿಯಂ ಸಾಲದೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಗೇ ಏರಬೇಕು. ಎಲೆಗಳಿಂದ ನೀರು ಹೆಚ್ಚು ಆವಿಯಾಗುವುದರಿಂದ ಅದರ ಹರಿವು ಎಲೆಗಳತ್ತಲೇ. ಕಾಯಿಗೆ ಸಿಗುವುದು ಉಳಿದದ್ದು ಮಾತ್ರ. ಹಾಗಾಗಿ ಒಂದು ದಿನ ಬ್ಯಾಗು ಬಿರಿಯುವಷ್ಟು ಒಣಗಿಸಿ, ಮರುದಿನ ಕೊಡಗಟ್ಟಲೆ ಸುರಿದರೆ, ಮಣ್ಣಿನಲ್ಲಿ ಸುಣ್ಣವಿದ್ದೂ ಫಲವಿಲ್ಲ. ನೆಲಗಡಲೆ ಹಿಂಡಿಯ ನೀರನ್ನು ಅತಿಯಾಗಿ ಹಾಕಿದರೂ ಸಾರಜನಕ ಏರಿ, ಎಲೆ ಸೊಂಪಾಗಿ, ಕಾಯಿಯ ಪಾಲು ಇನ್ನೂ ಇಳಿಯುತ್ತದೆ.

ದಿನವೂ ಒಂದೇ ಅಳತೆಯಲ್ಲಿ ನೀರು, ಬುಡಕ್ಕೆ ಒಣಸೊಪ್ಪಿನ ಹೊದಿಕೆ: ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಮದ್ದಿಲ್ಲ. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಆದ್ದರಿಂದ ಸುಣ್ಣ ಬೇಕು ನಿಜ. ಅದನ್ನು ನೆಡುವ ಎರಡು ವಾರ ಮೊದಲೇ ಬೆರೆಸಿಡಿ, ಗೊಬ್ಬರದ ಜೊತೆ ಬೇಡ. ಮೊಟ್ಟೆ ಚಿಪ್ಪು ಕರಗಲು ತಿಂಗಳುಗಳೇ ಬೇಕು, ಈಗ ಕಪ್ಪಾಗುತ್ತಿರುವ ಕಾಯಿಯನ್ನು ಅದು ಉಳಿಸದು. ಕಪ್ಪಾದದ್ದು ಮತ್ತೆ ಸರಿಯಾಗುವುದಿಲ್ಲ, ಕಿತ್ತುಬಿಡಿ. ಬೂಸ್ಟು ಬಂದಿಲ್ಲದಿದ್ದರೆ ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಸಾರಿಗೆ ಹಾಕಬಹುದು.

ಬಿಸಿಲಿನ ಮಗ್ಗುಲಲ್ಲಿ ಕಾಗದದಂಥ ಬಿಳಿ ಕಲೆಯಿದ್ದರೆ ಅದು ಬಿಸಿಲಿನ ಸುಟ್ಟಗಾಯ. ಎಲೆಗಳನ್ನು ವಿಪರೀತ ಸವರಬೇಡಿ, ಮಾರ್ಚ್ ಹತ್ತಿರವಾದಾಗ ತೆಂಗಿನ ಮಡಲಿನ ನೆರಳು ಕೊಡಿ.

ತೊಟ್ಟಿನ ಸುತ್ತ ಹಳದಿಯಾಗಿಯೇ ಉಳಿದು ಗಟ್ಟಿಯಾಗಿದ್ದರೆ ಸೆಕೆ ಅಥವಾ ಪೊಟ್ಯಾಷ್ ಕೊರತೆಯನ್ನು ಶಂಕಿಸಿ. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸರಿಯಾಗಿ ಹುಟ್ಟುವುದಿಲ್ಲ, ಹಳದಿಯ ಕ್ಯಾರೋಟಿನ್ ಮಾತ್ರ ಆಗುತ್ತಲೇ ಇರುತ್ತದೆ. ಸೆಕೆಗಾಲದಲ್ಲಿ ಬಣ್ಣ ತಿರುಗುತ್ತಿದ್ದಂತೆ ಕೊಯ್ದು ಮನೆಯೊಳಗೆ ತಂಪಾದ ಕಡೆ ಹಣ್ಣಾಗಿಸಿ. ಫ್ರಿಜ್ಜಿನಲ್ಲಿ ಬೇಡ, ಅಲ್ಲಿ ಹಣ್ಣಾಗುವುದೇ ನಿಲ್ಲುತ್ತದೆ. ಮಳೆ ಮುಗಿದೊಡನೆ, ಅಕ್ಟೋಬರ್ ಹೊತ್ತಿಗೆ ನೆಟ್ಟರೆ ಹೆಚ್ಚಿನ ಫಸಲು ಬೇಸಗೆಗೆ ಮೊದಲೇ ಕೈಸೇರುತ್ತದೆ.

ನಿಜವಾಗಿ ಹೆದರಬೇಕಾದ್ದು ಹಣ್ಣಿನ ಮೇಲೆ ಉಂಗುರ ಉಂಗುರವಾಗಿ ಮಸುಕು ಬಣ್ಣ ಬಂದಾಗ, ಜೊತೆಗೆ ಚಿಗುರೂ ಕಂದಿದ್ದಾಗ. ಅದು ಥ್ರಿಪ್ಸ್ ನುಸಿ ಹರಡುವ ವೈರಸ್ ಇರಬಹುದು, ಅದಕ್ಕೆ ಮದ್ದಿಲ್ಲ. ಆ ಗಿಡವನ್ನು ಬೇರುಸಹಿತ ಕಿತ್ತು ದೂರ ಹಾಕಿ, ಉಳಿದವುಗಳ ನಡುವೆ ನೀಲಿ ಅಂಟುಹಾಳೆ ತೂಗುಹಾಕಿ.