ಒಬ್ಬರಿಗೆ ಹೇಳಿದ್ದು ಎಲ್ಲರಿಗೂ: ಟೆಂಡರ್ ಮಾತುಕತೆಗೆ ಕಡಿವಾಣ ಬಿದ್ದ ಬಗೆ

ಮುಂಬೈ ವಿಮಾನ ನಿಲ್ದಾಣದಲ್ಲಿ ಹೋಟೆಲು, ತಿಂಡಿ ಮಳಿಗೆ ನಡೆಸುವ ಟೆಂಡರೊಂದರ ತಕರಾರು 1979ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕನಿಷ್ಠ 5 ವರ್ಷ ಅನುಭವದ, ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರೇ ಬರಬೇಕೆಂದು ಪ್ರಕಟಣೆಯಲ್ಲಿತ್ತು. ಗುತ್ತಿಗೆ ಸಿಕ್ಕಿದ್ದು ಆ ಅರ್ಹತೆ ಇಲ್ಲದವರಿಗೆ. ಷರತ್ತು ಸಡಿಲಿಸುತ್ತಾರೆಂದು ಗೊತ್ತಿದ್ದರೆ ಬೇರೆಯವರೂ ಟೆಂಡರ್ ಹಾಕುತ್ತಿದ್ದರು ಎಂಬುದು ವಾದ. ತಡವಾಗಿ ಬಂದ ಅರ್ಜಿದಾರರಿಗೆ ಪರಿಹಾರ ದಕ್ಕಲಿಲ್ಲ. ಆದರೆ ತಾನೇ ಸಾರಿದ ಷರತ್ತಿಗೆ ಸರ್ಕಾರಿ ಸಂಸ್ಥೆ ಬದ್ಧ ಎಂಬ ತತ್ವ ಗಟ್ಟಿಯಾಯಿತು.

ಅದು ಕಾನೂನಿನ ಪುಸ್ತಕಕ್ಕೆ ಇಳಿಯಲು ಎರಡು ದಶಕ ಹಿಡಿಯಿತು. ತಮಿಳುನಾಡು 1998ರಲ್ಲಿ, ಕರ್ನಾಟಕ 1999ರಲ್ಲಿ ಸರ್ಕಾರಿ ಖರೀದಿ, ಟೆಂಡರುಗಳ ಪಾರದರ್ಶಕತೆ ಕಾಯ್ದೆ ತಂದವು. ಕರ್ನಾಟಕದ 2000ದ ನಿಯಮಗಳು ಟೆಂಡರ್ ತೆರೆಯುವ ಗಳಿಗೆಯನ್ನೇ ಗಡಿಯಾಗಿಸಿದವು. ಅದಕ್ಕೆ ಮುಂಚೆ ಯಾರು ಬೇಕಾದರೂ ಸ್ಪಷ್ಟನೆ ಕೇಳಬಹುದು. ತೆರೆಯುವುದಕ್ಕೆ 48 ಗಂಟೆ ಮೊದಲೇ ಬಂದ ಪ್ರಶ್ನೆಗೆ ಉತ್ತರಿಸಲೇಬೇಕು, ಕೇಳಿದವರು ಯಾರೆಂದು ತಿಳಿಸದೆ ಆ ಉತ್ತರದ ಪ್ರತಿಯನ್ನು ದಾಖಲೆ ಕೊಂಡ ಎಲ್ಲರಿಗೂ ಕಳಿಸಬೇಕು. ತೆರೆದ ಮೇಲೆ ಗುತ್ತಿಗೆ ಆದೇಶ ಹೊರಬೀಳುವವರೆಗೆ ಮೌಲ್ಯಮಾಪನ ಗೋಪ್ಯ. ಆಗ ಟೆಂಡರುದಾರ ತಾನಾಗಿ ಅಧಿಕಾರಿಯ ಬಾಗಿಲು ತಟ್ಟುವಂತಿಲ್ಲ, ಒತ್ತಡ ತಂದರೆ ಅನರ್ಹತೆ. ಅಧಿಕಾರಿ ಮಾತ್ರ ಪ್ರಾಮಾಣಿಕ ಸ್ಪಷ್ಟನೆ ಕೇಳಬಹುದು.

ಟೆಂಡರ್ ದಾಖಲೆ ಈಗ ಸರ್ಕಾರದ ಖರೀದಿ ಪೋರ್ಟಲಿನಲ್ಲಿದೆ, ಕೊಂಡವರ ಪಟ್ಟಿಗೆ ಹಳೆಯ ಅರ್ಥ ಉಳಿದಿಲ್ಲ. ಉತ್ತರ ಪೋರ್ಟಲಿಗೆ ಏರುತ್ತದೆ. ಅದನ್ನು ನೋಡಿಕೊಳ್ಳುವ ಹೊಣೆ ಗುತ್ತಿಗೆದಾರರ ಮೇಲೆ ಬಿದ್ದಿದೆ.

ಯಡವಟ್ಟಾಗುವುದು ಹೆಚ್ಚಾಗಿ ಪ್ರಿ-ಬಿಡ್ ಸಭೆಯ (ಟೆಂಡರ್ ಹಾಕುವ ಮುನ್ನ ಗುತ್ತಿಗೆದಾರರ ಪ್ರಶ್ನೆಗಳಿಗೆಂದು ಕರೆಯುವ ಸಭೆ) ನಂತರ. 'ಆ ಷರತ್ತು ಬಿಡ್ತೀವಿ' ಎಂದು ಸಭೆಯಲ್ಲಿ ಎಂಜಿನಿಯರ್ ಹೇಳುತ್ತಾರೆ, ನಡಾವಳಿಯಲ್ಲೂ ಬರೆಯುತ್ತಾರೆ, ಆದರೆ ಕೊರಿಜೆಂಡಮ್, ಅಂದರೆ ಅಧಿಕೃತ ತಿದ್ದುಪಡಿ ಪ್ರಕಟಣೆ, ಹೊರಡಿಸುವುದಿಲ್ಲ. ಟೆಂಡರ್ ದಾಖಲೆ ಇದ್ದಂತೆಯೇ ಉಳಿಯುತ್ತದೆ, ಮಾತು ನಂಬಿದವರು ಅರ್ಹತೆ ಪರಿಶೀಲಿಸುವ ತಾಂತ್ರಿಕ ಹಂತದಲ್ಲಿ ಹೊರಬೀಳುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಪುಟ, ಕಲಮಿನ ಸಂಖ್ಯೆ, ಈಗಿನ ಒಕ್ಕಣೆ, ಬೇಕಾದ ಒಕ್ಕಣೆ ಸಮೇತ ಬರೆದೇ ಕೊಡಬೇಕು. ಕಚೇರಿಯೂ ಅರ್ಹತೆಯನ್ನೋ ಪರಿಮಾಣವನ್ನೋ ಕೊನೆಯ ದಿನಗಳಲ್ಲಿ ಬದಲಿಸಿದರೆ ಗಡುವು ಮುಂದೂಡುವುದೇ ಕ್ಷೇಮ. ಇನ್ನೊಂದು ಮಾತು: ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಹಾಜರಿ ಹಾಕಿಸಿಕೊಂಡರೆ, ಪೈಪೋಟಿಗೆ ಯಾರ್ಯಾರಿದ್ದಾರೆಂದು ಕಚೇರಿಯೇ ಪರಿಚಯ ಮಾಡಿಸಿದಂತೆ. ರಿಂಗ್ ಕಟ್ಟುವವರಿಗೆ, ಅಂದರೆ ಒಳಗೊಳಗೇ ಮಾತಾಡಿಕೊಂಡು ದರ ನಿಗದಿ ಮಾಡಿಕೊಳ್ಳುವವರಿಗೆ, ಅಷ್ಟು ಸಾಕು. ಸಾಧಾರಣ ಕಾಮಗಾರಿಗೆ ಆನ್‌ಲೈನ್ ಪ್ರಶ್ನೋತ್ತರವೇ ಮೇಲು.

ತೆರೆದ ಮೇಲಿನ ಸ್ಪಷ್ಟನೆಯ ಮಿತಿ ಎಲ್ಲಿಯವರೆಗೆ? ಕೇಂದ್ರ ಹಣಕಾಸು ಸಚಿವಾಲಯದ 2017ರ ಖರೀದಿ ಕೈಪಿಡಿಯಲ್ಲಿ ಉಪಯುಕ್ತ ಅಳತೆಗೋಲಿದೆ: ಟೆಂಡರ್ ತೆರೆಯುವ ಮೊದಲೇ ಇದ್ದು, ನಂತರ ಬದಲಾಗದ ಕಾಗದವನ್ನಷ್ಟೇ ಕೇಳಬಹುದು. ಸರಬರಾಜು ಆದೇಶ ಲಗತ್ತಿಸಿ ಪೂರೈಕೆ ಪ್ರಮಾಣಪತ್ರ ಮರೆತಿದ್ದರೆ ಅದನ್ನು ತರಿಸಿಕೊಳ್ಳಬಹುದು. ಅನುಭವ ಸಾಲದೆಂದು ಹೊಸದೊಂದು ಆದೇಶ ಸೇರಿಸಿಕೊಳ್ಳುವಂತಿಲ್ಲ.

ದರದ ಚೌಕಾಸಿಯದು ಬೇರೆಯೇ ಕಥೆ. ಕೇಂದ್ರ ಜಾಗೃತ ಆಯೋಗ 1998ರ ನವೆಂಬರಿನಲ್ಲಿ ಎಲ್-1 (ಅತಿ ಕಡಿಮೆ ದರ ನಮೂದಿಸಿದವರು) ಹೊರತು ಮತ್ತಾರೊಂದಿಗೂ ದರ ಮಾತುಕತೆ ಬೇಡವೆಂದಿತು. 2007ರ ಮಾರ್ಚಿನಲ್ಲಿ ಇನ್ನೂ ಬಿಗಿ ಮಾಡಿ, ಎಲ್-1 ಜೊತೆಗೂ ಅಪರೂಪದ ಸಂದರ್ಭದಲ್ಲಷ್ಟೇ, ಕಾರಣ ದಾಖಲಿಸಿ ಎಂದಿತು. ಎರಡನೆಯವರನ್ನು ಕರೆದು 'ಮೊದಲನೆಯವರ ದರಕ್ಕೆ ಇಳಿಯುತ್ತೀರಾ' ಎಂದು ಕೇಳುವ ಚಾಳಿ ಇದ್ದರೆ, ಮುಂದಿನ ಟೆಂಡರಿನಲ್ಲಿ ಎಲ್ಲರೂ ಇಳಿಸಲು ಜಾಗ ಬಿಟ್ಟೇ ದರ ನಮೂದಿಸುತ್ತಾರೆ.